ಹಳೇ ಮೌಂಟನ್ ಬೈಕಿನ ಲೆಕ್ಕ

ಗೇರ್ ಸೈಕಲ್ ಅಂದ ಕೂಡಲೇ ನಮ್ಮ ಕಣ್ಣು ಡಿಸ್ಕ್ ಬ್ರೇಕ್, ಸಸ್ಪೆನ್ಷನ್ ಕಡೆಗೆ ಹೋಗುತ್ತದೆ. ಮೌಂಟನ್ ಬೈಕ್ ಹುಟ್ಟಿದಾಗ ಇವೆರಡೂ ಇರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ದಪ್ಪ ಟೈರಿನ ಹಳೇ ಸ್ಟೀಲ್ ಸೈಕಲ್‌ಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಬ್ರೇಕಿನ ಹಬ್ ಕಾದು ಗ್ರೀಸ್ ಸುಟ್ಟುಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕಾಗಿದ್ದರಿಂದ ಆ ದಾರಿಗೆ ‘ರಿಪ್ಯಾಕ್’ ಎಂದೇ ಹೆಸರಾಯಿತು. 1977ರಲ್ಲಿ ಜೋ ಬ್ರೀಜ್ ಇಂಥ ದಾರಿಗೆಂದೇ ಹೊಸ ಫ್ರೇಮ್ ಕಟ್ಟಿದರು. 1981ರಲ್ಲಿ ‘ಸ್ಟಂಪ್‌ಜಂಪರ್’ ಮಾರಾಟಕ್ಕೆ ಬಂತು.

ಇಂದಿನ ಬೈಕುಗಳು ಇಳಿಜಾರಿನಲ್ಲಿ ಹೆಚ್ಚು ಸುರಕ್ಷಿತ. ಮಳೆಯಲ್ಲಿ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಹಳೇ ರಿಮ್ ಬ್ರೇಕ್ ಸಾಟಿಯಲ್ಲ. ಇದನ್ನು ಒಪ್ಪುತ್ತೇನೆ. ಆದರೂ ನನಗೆ ಹಳೆಯದೇ ಇಷ್ಟ. ಸ್ಟೀಲ್ ಫ್ರೇಮ್ ಬಿರುಕು ಬಿಟ್ಟರೆ ಬೆಸುಗೆ ಹಾಕಬಹುದು. ಬ್ರೇಕ್ ಕೆಟ್ಟರೆ ಸಾಮಾನ್ಯವಾಗಿ ಒಂದು ಕೇಬಲ್, ಎರಡು ರಬ್ಬರ್ ಸಾಕು. ಹೊಸ ಸಸ್ಪೆನ್ಷನ್ ಫೋರ್ಕಿಗೆ ಆಯಿಲ್, ಸೀಲ್, ಬೇರೆಯೇ ಉಪಕರಣಗಳು ಬೇಕು.

ಅಕೌಂಟೆನ್ಸಿಯಲ್ಲಿ ನಾವು ಸವಕಳಿ ಕಲಿಯುತ್ತೇವೆ. ಆಸ್ತಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದರೆ ರಿಪೇರಿಯಾಗದ ವಸ್ತುವಿನ ಬೆಲೆ ಕೆಟ್ಟ ದಿನವೇ ಮುಗಿಯಿತು. ನಮ್ಮ ಅಬ್ಬಾ ಏನು ಕೊಳ್ಳುವಾಗಲೂ ಕೇಳುವುದು ಒಂದೇ: “ಮರಮ್ಮತ್ ಕೌನ್ ಕರೇಗಾ?” ರಿಪೇರಿ ಯಾರು ಮಾಡುತ್ತಾರೆ? ಬ್ಯಾಲೆನ್ಸ್ ಶೀಟಿನಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ, ಜೇಬಿನಲ್ಲಿ ಇದೆ.

ಗುಡ್ಡದಲ್ಲಿ ರೇಸ್ ಮಾಡುವವರು ಹೊಸದನ್ನೇ ಕೊಳ್ಳಲಿ. ದಿನಾ ಕಾಲೇಜಿಗೆ ತುಳಿಯುವ ನಾವು, ಹತ್ತಿರದ ಸೈಕಲ್ ಅಂಗಡಿಯವರು ಸರಿಮಾಡಬಲ್ಲ ಸೈಕಲ್ಲನ್ನು ಆರಿಸೋಣ.