ಖಯಾಲಿಗೆ ಭಾಷೆಯಿಲ್ಲವೇ?

ವಸಾಹತೋತ್ತರ ಅಸ್ಮಿತೆಯ ಚರ್ಚೆ ನಮ್ಮ ತರಗತಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ಕಾದಂಬರಿಗಳನ್ನು ಮುಂದಿಟ್ಟುಕೊಂಡು. ಅದೇ ಪ್ರಶ್ನೆ ಶಾಸ್ತ್ರೀಯ ಸಂಗೀತದಲ್ಲಿಯೂ ಎದ್ದಿತ್ತು. ಅದರ ಒಂದು ಮುಖ್ಯ ಎಳೆ ನಾವು ಓದುತ್ತಿರುವ ಈ ಸೀಮೆಯಿಂದಲೇ ಹೊರಟಿತ್ತು ಎಂಬುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಗಮನಿಸಬೇಕು.

ಇಚಲಕರಂಜಿಯ ಆಸ್ಥಾನ ಗಾಯಕರಾಗಿದ್ದ ಬಾಳಕೃಷ್ಣಬುವಾ (1849–1926) ಗ್ವಾಲಿಯರ್ ಗಾಯಕಿಯನ್ನು ಉತ್ತರದಿಂದ ಇಲ್ಲಿಗೆ ತಂದವರು. ಅವರ ಶಿಷ್ಯರಲ್ಲಿ ಒಬ್ಬರು ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರ್. ಇನ್ನೊಬ್ಬರು ಮಿರಜದ ನೀಲಕಂಠಬುವಾ. ಪಲುಸ್ಕರರ ಶಿಷ್ಯ ಬಿ. ಆರ್. ದೇವಧರರಲ್ಲಿ ಕಲಿತವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರ, ಅಂದರೆ ಕುಮಾರ ಗಂಧರ್ವರು. ನೀಲಕಂಠಬುವಾ ಅವರಲ್ಲಿ ಕಲಿತವರು ಧಾರವಾಡ ಬಳಿಯ ಮಲ್ಲಿಕಾರ್ಜುನ ಮನಸೂರರು. ಒಂದೇ ಬೇರಿನಿಂದ ಒಡೆದ ಎರಡು ಕನ್ನಡದ ಕವಲುಗಳು. ಇಬ್ಬರೂ ಕಾಲವಾದದ್ದು 1992ರಲ್ಲಿ.

ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು ಸಂಗೀತವನ್ನು ದರಬಾರಿನಿಂದ ಶಾಲೆಗೂ ಸಾರ್ವಜನಿಕ ಸಭೆಗೂ ತಂದರು. ಅದು ರಾಷ್ಟ್ರೀಯತೆಯ ಕೆಲಸ. ಅದರ ಘನತೆ ದೊಡ್ಡದು. ಆದರೆ 'ಶುದ್ಧ ಭಾರತೀಯ'ವಾದುದನ್ನು ಹುಡುಕುವ ಆ ಕಾಲದ ಉತ್ಸಾಹಕ್ಕೆ ಉಸ್ತಾದರೂ ಗಣಿಕೆಯರೂ ಬೆಲೆ ತೆತ್ತರು. ಶುದ್ಧಿಯ ಈ ಹಂಬಲ ಎಷ್ಟು ವಿಚಿತ್ರವೆಂದರೆ, ಹಾರ್ಮೋನಿಯಂ ಅನ್ನು 1940ರಲ್ಲಿ ರೇಡಿಯೋದಿಂದ ಹೊರಹಾಕಿದ್ದು ಬ್ರಿಟಿಷರ ಕಾಲದ ಇಲಾಖೆ. ಸ್ವತಂತ್ರ ಭಾರತ ಆ ನಿಷೇಧವನ್ನು ಎರಡು ದಶಕಗಳಿಗೂ ಮಿಕ್ಕಿ ನಿಷ್ಠೆಯಿಂದ ಪಾಲಿಸಿತು! ಕೊಲ್ಲಾಪುರದ ಚರಿತ್ರೆಯಾದರೋ ಬೇರೆಯೇ ಮಾತನ್ನಾಡುತ್ತದೆ. ಶಾಹು ಮಹಾರಾಜರ ಆಶ್ರಯದಲ್ಲಿದ್ದವರು ಉಸ್ತಾದ್ ಅಲ್ಲಾದಿಯಾ ಖಾನರು. ಮನಸೂರರನ್ನು ಮುಂದೆ ತಿದ್ದಿದವರು ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನ್.

ಈ ಕಥನದಲ್ಲಿ ಭಾಷೆಯ ಸ್ಥಾನವೇನು? ಸಂಗೀತಕ್ಕೆ ಭಾಷೆಯಿಲ್ಲ, ಸ್ವರವೇ ಸರ್ವಸ್ವ ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಓಡಾಡುತ್ತದೆ. ನನಗೆ ಅದು ಅರ್ಧಸತ್ಯವೆನಿಸುತ್ತದೆ. ಖಯಾಲಿನ ಬಂದಿಶ್ ಬ್ರಜಭಾಷೆಯಲ್ಲಿದ್ದರೆ ಅದನ್ನು ಯಾರೂ 'ಪ್ರಾದೇಶಿಕ'ವೆನ್ನುವುದಿಲ್ಲ. ಕನ್ನಡದಲ್ಲಿ ಹಾಡಿದೊಡನೆ ಅದು 'ಲಘು'ವಾಗುತ್ತದೆ. ಹೊಸ ರಾಷ್ಟ್ರದ ಅಸ್ಮಿತೆಯೊಳಗೆ ಭಾಷೆಗಳ ಶ್ರೇಣಿ ರೂಪುಗೊಂಡ ಬಗೆ ಇದು. ದೇವಾಸದಲ್ಲಿ ನೆಲೆಸಿದ ಕುಮಾರರು ಮಾಳವದ ಜಾನಪದ ಧಾಟಿಗಳಿಂದ ಹೊಸ ರಾಗಗಳನ್ನು ಕಟ್ಟಿ ಈ ಶ್ರೇಣಿಯನ್ನು ಅಲುಗಿಸಿದರು. ಅದು ಸಣ್ಣ ಸಾಧನೆಯಲ್ಲ. ಆದರೂ ಕಬೀರನಿಗೆ, ತುಕಾರಾಮನಿಗೆ ಅವರಲ್ಲಿ ದೊರೆತ ಸ್ಥಾನ ಅವರ ಮನೆಮಾತಿಗೆ ದೊರೆಯಲಿಲ್ಲ.

ಮನಸೂರರು ವಚನಗಳನ್ನು ಹಾಡಿದರು. ಕಚೇರಿಯ ಕೊನೆಗೆ ಹಾಡುವ ಭಕ್ತಿಗೀತೆಯೆಂದು ಅದನ್ನು ಬದಿಗಿಡುವವರಿದ್ದಾರೆ. ಸರದಿಯಲ್ಲಿ ಕೊನೆಯದೆಂಬುದರಿಂದಲೇ ತೂಕದಲ್ಲಿಯೂ ಕೊನೆಯದೆಂಬ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ವಚನಕ್ಕೆ ಕೀರ್ತನೆಯಂತೆ ಪಲ್ಲವಿ-ಚರಣಗಳ ಚೌಕಟ್ಟಿಲ್ಲ. ಮಾತ್ರೆಗಳ ಎಣಿಕೆಯೂ ಇಲ್ಲ. ತಾಳಕ್ಕೆ ಹೊಂದಿಸುವಾಗ ಗಾಯಕನು ಯಾವುದೋ ಒಂದು ಪದದ ಮೇಲೆ ನಿಲ್ಲಲೇಬೇಕು, ಮತ್ತೊಂದನ್ನು ಬೇಗ ದಾಟಲೇಬೇಕು. ಸಂಬೋಧನೆ ಎಲ್ಲಿ ಮುಗಿಯಿತು, ಅಂಕಿತ ಪ್ರಾರ್ಥನೆಯೋ ಉದ್ಗಾರವೋ ಎಂಬುದನ್ನು ಸ್ವರವೇ ನಿರ್ಧರಿಸುತ್ತದೆ. ಅದು ಅರ್ಥೈಸುವ ಕೆಲಸವಲ್ಲದೆ ಮತ್ತೇನು?

ಗಡಹಿಂಗ್ಲಜದಂಥ ಎರಡು ಭಾಷೆಗಳ ಊರಿನಲ್ಲಿ ಮನಸೂರರು ಯಾರಿಗೆ ಸೇರಿದವರೆಂಬ ವಾದ ಹೂಡುವುದು ಸುಲಭ, ವ್ಯರ್ಥವೂ ಹೌದು. ಅದಕ್ಕಿಂತ ಉಪಯುಕ್ತವಾದ ಕೆಲಸವೊಂದಿದೆ. ಅಕ್ಕಮಹಾದೇವಿಯ ವಚನ ಪಾಠಕ್ಕೆ ಬಂದಾಗ ಮನಸೂರರ ಧ್ವನಿಮುದ್ರಿಕೆಯನ್ನು ತರಗತಿಯಲ್ಲಿ ಕೇಳಿಸಬೇಕು. ಅವರು ನಿಲ್ಲುವ ಎಡೆಗಳನ್ನು ವಿದ್ಯಾರ್ಥಿಗಳು ಮುದ್ರಿತ ಪಠ್ಯದ ಮೇಲೆ ಗುರುತು ಹಾಕಬೇಕು. ಪುಸ್ತಕದ ಸಾಲುಗಳಿಗೂ ಹಾಡಿನ ಸಾಲುಗಳಿಗೂ ಹೊಂದಿಕೆಯಾಗದಿರಬಹುದು. ತಾಳೆಗರಿಯಲ್ಲಿ ಒಂದೇ ಸಮನೆ ಹರಿದ ಬರಹವನ್ನು ಸಾಲುಗಳಾಗಿ ಒಡೆದವರು ಆಧುನಿಕ ಸಂಪಾದಕರು. ಹಾಗಿರುವಾಗ ಗಾಯಕನ ವಿಂಗಡಣೆಯನ್ನೂ ಒಂದು ಪಾಠಾಂತರದಂತೆ ಪರಿಶೀಲಿಸಲು ಕನ್ನಡ ವಿಭಾಗಕ್ಕೆ ಯಾವ ಅಡ್ಡಿಯೂ ಇರಲಾರದು.