ಚಿತ್ರ ನೋಡಿದ್ದೆಲ್ಲ ಓದಾದೀತೆ?

ಕನ್ನಡ ಮಾಧ್ಯಮದ ಶಾಲೆಗಳಿಗೆ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಬಂದಿದೆ. ಮನೆಯಲ್ಲಿ ಆ ಭಾಷೆಯ ಗಾಳಿಯೂ ಸೋಕದ ಮಗುವಿಗೆ ಅದು ಪರಭಾಷೆಯೇ ಸರಿ. ಈ ತೊಡಕಿಗೆ ಈಗ ಎಲ್ಲರೂ ಹೇಳುವ ಮದ್ದು ಪರದೆ. ಸೇಬು ಉರುಳುತ್ತದೆ, ನಾಯಿ ಕುಣಿಯುತ್ತದೆ, ಅಡಿಯಲ್ಲಿ ನಾಲ್ಕು ಅಕ್ಷರ ಮಿನುಗುತ್ತವೆ. ಮಗು 'ಆ್ಯಪಲ್' ಎಂದು ಕೂಗುತ್ತದೆ. 'ಓದಲು ಬಂತು' ಎಂದು ಹಿರಿಯರು ಹಿಗ್ಗುತ್ತಾರೆ. ಸ್ವಾಮಿ, ಮಗು ಓದಿದ್ದು ಅಕ್ಷರವನ್ನಲ್ಲ, ಸೇಬನ್ನು!

ಇದು ಹಳಬರ ಗೊಣಗಾಟವೆಂದು ತಳ್ಳಿಹಾಕಬೇಡಿ. ಅಮೆರಿಕದ ಎಸ್. ಜೇ ಸ್ಯಾಮ್ಯುಯೆಲ್ಸ್ ಎಂಬ ವಿದ್ವಾಂಸರು 1967ರಲ್ಲಿಯೇ, ಓದಲು ತೊಡಗಿದ ಮಕ್ಕಳನ್ನು ಪರೀಕ್ಷಿಸಿ, ಪದದ ಮಗ್ಗುಲಲ್ಲಿರುವ ಚಿತ್ರ ಪದದ ಮೇಲಿನ ಗಮನವನ್ನೇ ಕದಿಯುತ್ತದೆಂದು ತೋರಿಸಿದರು. ಓದಿನಲ್ಲಿ ಹಿಂದುಳಿದವರಿಗೇ ಅದರ ನಷ್ಟ ಹೆಚ್ಚು. ಆ ಮಕ್ಕಳು ಓದುತ್ತಿದ್ದುದು ಬಲ್ಲ ಭಾಷೆಯನ್ನು. ಅರಿಯದ ಭಾಷೆಯಲ್ಲಿ ಊರುಗೋಲಿನ ಆಸೆ ಇನ್ನೂ ಬಲವಾಗಿರದೆ?

ಹಾಗಾದರೆ ಚಿತ್ರವೇ ಬೇಡವೆ? ಖಂಡಿತ ಬೇಕು. ಕೊಮೇನಿಯಸ್ ಎಂಬ ಶಿಕ್ಷಣವೇತ್ತ 1658ರಲ್ಲಿ ಲ್ಯಾಟಿನ್ ಕಲಿಸಲು ಸಚಿತ್ರ ಪುಸ್ತಕವನ್ನೇ ಹೊರತಂದ. ಚಿತ್ರದೊಳಗಿನ ವಸ್ತುಗಳಿಗೆ ಅಂಕಿ, ಅದೇ ಅಂಕಿ ಪಾಠದ ಪದಕ್ಕೂ. ಕಣ್ಣು ಚಿತ್ರದಿಂದ ಹೊರಟು ಪದವನ್ನು ಹುಡುಕಲೇಬೇಕು. 2002ರಲ್ಲಿ ದೂರದರ್ಶನದ 'ಚಿತ್ರಹಾರ್' ಹಾಡಿನ ಸಾಲನ್ನು ಅದೇ ಭಾಷೆಯಲ್ಲಿ ಪರದೆಯಡಿ ಬರೆದು, ಹಾಡಿದಂತೆಲ್ಲ ಪದಕ್ಕೆ ಬಣ್ಣ ತುಂಬಿತು. ಎರಡರಲ್ಲಿಯೂ ನೋಟವು ಅಕ್ಷರದ ಸೇವಕ. ಇಂದಿನ ಬಹುಪಾಲು ಪರದೆಗಳಲ್ಲಿ ಸೇವಕನೇ ಸಿಂಹಾಸನವೇರಿದ್ದಾನೆ.

ಇನ್ನೊಂದು ಮಾತು. 'ಆದರೆ', 'ಆದ್ದರಿಂದ', 'ಒಂದುವೇಳೆ' ಎಂಬುವಕ್ಕೆ ಯಾವ ಚಿತ್ರ ಬರೆಯುತ್ತೀರಿ? ವಾಕ್ಯದ ಅರ್ಥ ತಿರುಗುವುದೇ ಈ ಕೀಲುಗಳ ಮೇಲೆ. ನೂರು ಹಣ್ಣುಗಳ ಹೆಸರು ಬಲ್ಲ ಮಗು ಒಂದು ಕಥೆಯನ್ನು ಓದಲಾರದೆ ಸೋಲುವುದೂ ಇಲ್ಲಿಯೇ.

ನಮ್ಮ ನಿಮ್ಮ ಮಕ್ಕಳಿಗಾದರೋ ಮನೆಯಲ್ಲಿ ತಿದ್ದುವವರುಂಟು. ಕೂಲಿಯವನ ಮಗುವಿಗೆ ಶಾಲೆಯೇ ಗತಿ. ಅಲ್ಲಿ ಆದ ಮೋಸ ತಿಳಿಯುವುದು ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆ ಎದುರಾದಾಗ. ಅದರಲ್ಲಿ ನಾಯಿ ಕುಣಿಯುವುದಿಲ್ಲ.

ಆದುದರಿಂದ ಪರದೆಯ ಮಹಿಮೆಯನ್ನು ಯಾರಾದರೂ ಕೊಂಡಾಡಿದರೆ ಒಂದೇ ಪರೀಕ್ಷೆ ಒಡ್ಡಿ: ಚಿತ್ರವನ್ನು ಮರೆಮಾಡಿ, ಮಗು ಹಿಂದೆ ಕಾಣದ ಸಾಲೊಂದನ್ನು ಓದಿ ಅರ್ಥ ಹೇಳಲಿ. ಹೇಳಿದರೆ ಪರದೆ ಗುರುವಾಯಿತು, ನಮಸ್ಕರಿಸೋಣ. ಹೇಳದಿದ್ದರೆ ಅದು ತೊಗಲುಬೊಂಬೆಯಾಟ. ನೋಡಿ ಸಂತೋಷಪಡೋಣ, ಪಾಠವೆಂದು ಕರೆಯುವುದು ಬೇಡ.