ಬೆಳಕಿಂಡಿಯ ಮೇಲೊಂದು ನೆರಳು

ಬೀಳಗಿ ತಾಲೂಕಿನ ಬಾಡಗಂಡಿಯ ಸೀಮೆಯಲ್ಲಿ ಹಳೆಯ ಮಾಳಿಗೆಮನೆಗಳನ್ನು ಕಂಡವರಿಗೆ ಬೆಳಕಿಂಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಣದವರಿಗಾಗಿ ಒಂದು ಮಾತು: ಮಣ್ಣಿನ ಮಾಳಿಗೆಯಲ್ಲಿ ಗೇಣಗಲದ ಒಂದು ತೂತು, ಅದರಿಂದಿಳಿದ ಬಿಸಿಲು ಒಳಮನೆಯ ನೆಲದ ಮೇಲೆ ಬೆಳ್ಳಿಯ ಬಿಲ್ಲೆಯಂತೆ ಬಿದ್ದಿರುತ್ತದೆ. ಮನೆಯವರೆಲ್ಲ ಹೊಲಕ್ಕೆ ಹೋದ ಮಧ್ಯಾಹ್ನ. ಒಳಗೆ ಒಬ್ಬಳೇ ಹೆಣ್ಣುಮಗಳು ಮೊರದಲ್ಲಿ ಜೋಳ ಹಸನುಮಾಡುತ್ತ ಕುಳಿತಿದ್ದಾಳೆ. ನೆಲದ ಮೇಲಿನ ಬಿಲ್ಲೆ ತಟ್ಟನೆ ಕಪ್ಪಾಗಿ, ಮರುಕ್ಷಣವೇ ಬೆಳಗುತ್ತದೆ. ಮಾಳಿಗೆಯ ಮೇಲೆ ಯಾರೋ ದಾಟಿದರು. ಮಾಳಿಗೆಯಿಂದ ಮಾಳಿಗೆಗೆ ನಡೆದುಹೋಗುವುದು ಆ ಊರುಗಳಲ್ಲಿ ಅಪರೂಪವಲ್ಲ. ಮೆಣಸಿನಕಾಯಿ ಒಣಹಾಕಲು ಬಂದ ನೆರೆಮನೆಯಾಕೆಯೂ ಇರಬಹುದು. ಆದರೆ ಮೊರದ ಸದ್ದು ನಿಂತಿದೆ. ಮೇಲಿನಿಂದ ಉದುರಿದ ಒಂದಿಷ್ಟು ಮಣ್ಣು ಬಿಸಿಲುಕೋಲಿನಲ್ಲಿ ಮೆಲ್ಲಗೆ ಇಳಿಯುತ್ತಿದೆ.

ಇದು ಯಾವ ಚಿತ್ರದಿಂದಲೂ ಎತ್ತಿಕೊಂಡ ದೃಶ್ಯವಲ್ಲ. ಆದರೂ ಇದನ್ನು ಓದಿದವರ ಉಸಿರು ಒಂದು ಗಳಿಗೆ ಬಿಗಿಹಿಡಿದಿದ್ದರೆ, ಅದರ ಕಾರಣವನ್ನು ಹುಡುಕುವುದೆಂದರೆ ರಹಸ್ಯಚಿತ್ರಗಳ ಗುಟ್ಟನ್ನೇ ಹುಡುಕಿದಂತೆ. ಇಲ್ಲಿ ಕೊಲೆಯಿಲ್ಲ, ರಕ್ತವಿಲ್ಲ, ಚೀತ್ಕಾರವಿಲ್ಲ. ಯಾರೋ ಇದ್ದಾರೆಂಬುದನ್ನು ತಿಳಿಸಿ, ಯಾರೆಂಬುದನ್ನು ಬಚ್ಚಿಡಲಾಗಿದೆ, ಅಷ್ಟೇ.

ಈ ಕೊಡುವ ಮತ್ತು ಬಚ್ಚಿಡುವ ಲೆಕ್ಕಾಚಾರದಲ್ಲಿ ಆಲ್‌ಫ್ರೆಡ್ ಹಿಚ್‌ಕಾಕನನ್ನು ಮೀರಿಸಿದವರು ವಿರಳ. 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋನೊಡನೆ ನಡೆಸಿದ ದೀರ್ಘ ಸಂವಾದದಲ್ಲಿ ಅವನು ಕೊಟ್ಟ ನಿದರ್ಶನ ಪ್ರಸಿದ್ಧವಾದುದು. ಮೇಜಿನ ಸುತ್ತ ಕುಳಿತು ಜನ ಹರಟುತ್ತಿರುವಾಗ ಕೆಳಗಿದ್ದ ಬಾಂಬು ಒಮ್ಮೆಗೇ ಸಿಡಿದರೆ, ಪ್ರೇಕ್ಷಕನಿಗೆ ದೊರೆಯುವುದು ಕೆಲವೇ ಕ್ಷಣಗಳ ಬೆಚ್ಚು. ಬಾಂಬು ಅಲ್ಲಿದೆಯೆಂದು ಮೊದಲೇ ತೋರಿಸಿ, ಗೋಡೆಯ ಗಡಿಯಾರವನ್ನೂ ತೋರಿಸಿಬಿಟ್ಟರೆ, ಅದೇ ಹರಟೆ ಹದಿನೈದು ನಿಮಿಷಗಳ ಯಾತನೆಯಾಗುತ್ತದೆ. ಮೇಜಿನ ಬಳಿ ಇದ್ದವರಿಗೆ ತಿಳಿಯದ್ದು ನೋಡುವವನಿಗೆ ತಿಳಿದಿದೆ. ಎಚ್ಚರಿಸಬೇಕೆಂದರೆ ತೆರೆಯೊಳಕ್ಕೆ ಕೂಗು ಮುಟ್ಟದು. ಕೈಕಟ್ಟಿ ಕುಳಿತವನ ಈ ಅಸಹಾಯಕತೆಯನ್ನೇ ರಹಸ್ಯಚಿತ್ರಗಳು ಬಂಡವಾಳ ಮಾಡಿಕೊಳ್ಳುವುದು.

ಕ್ಯಾಮರಾ ಈ ಬಂಡವಾಳವನ್ನು ಜಿಪುಣನಂತೆ ಖರ್ಚುಮಾಡುತ್ತದೆ. ಹಿಚ್‌ಕಾಕನ 1954ರ ‘ರಿಯರ್ ವಿಂಡೊ’ದಲ್ಲಿ ಕಾಲು ಮುರಿದುಕೊಂಡ ಛಾಯಾಗ್ರಾಹಕನೊಬ್ಬ ಕಿಟಕಿಯ ಬಳಿ ಕುಳಿತಿದ್ದಾನೆ, ಕ್ಯಾಮರಾವೂ ಬಹುಮಟ್ಟಿಗೆ ಅವನ ಕೋಣೆಯನ್ನು ಬಿಟ್ಟು ಕದಲುವುದಿಲ್ಲ. ಎದುರುಮನೆಯಲ್ಲಿ ಅವನು ಕಂಡಷ್ಟನ್ನೇ ಪ್ರೇಕ್ಷಕನೂ ಕಾಣಬೇಕು. 1960ರ ‘ಸೈಕೋ’ದ ಸ್ನಾನಗೃಹದ ಕೊಲೆ ತೆರೆಯ ಮೇಲೆ ಸುಮಾರು 45 ಸೆಕೆಂಡುಗಳಲ್ಲಿ ಮುಗಿಯುತ್ತದೆ, ಅದರ ಚಿತ್ರೀಕರಣಕ್ಕೆ ಹಿಡಿದದ್ದು ಏಳು ದಿನ. ಕತ್ತಿ, ಕೈ, ನೀರು, ಬಾಯಿ ಎಂದು ತುಂಡುತುಂಡಾಗಿ ಬರುವ ಚಿತ್ರಗಳನ್ನು ಜೋಡಿಸಿಕೊಂಡು ಇರಿತವನ್ನು ಪೂರ್ತಿಮಾಡುವುದು ನೋಡುವವನ ಮನಸ್ಸೇ. ಆ ದೃಶ್ಯಕ್ಕೆ ಸಂಗೀತವೇ ಬೇಡವೆಂದು ಹಿಚ್‌ಕಾಕ್ ಮೊದಲು ಎಣಿಸಿದ್ದ. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಿಂದ ನುಡಿಸಿದ ಕಿರುಚುಸ್ವರಗಳನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದ. ಮೂರು ವರ್ಷಗಳ ಬಳಿಕ ತೆಗೆದ ‘ದಿ ಬರ್ಡ್ಸ್’ನಲ್ಲಿ ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟು, ಯಂತ್ರದಿಂದ ಹುಟ್ಟಿಸಿದ ಹಕ್ಕಿಗಳ ಕೂಗು, ರೆಕ್ಕೆಬಡಿತಗಳಿಂದಲೇ ಕೆಲಸ ಸಾಧಿಸಿದ.

ಶಬ್ದದ ಈ ಶಕ್ತಿಯನ್ನು ಅವನಿಗಿಂತ ಮೊದಲೇ ಕಂಡುಕೊಂಡವನು ಜರ್ಮನಿಯ ಫ್ರಿಟ್ಸ್ ಲಾಂಗ್. ಮಾತಿನ ಚಿತ್ರಗಳು ಇನ್ನೂ ಎಳೆಯವಾಗಿದ್ದ 1931ರಲ್ಲಿ ತೆಗೆದ ‘ಎಂ’ನಲ್ಲಿ, ಮಕ್ಕಳನ್ನು ಕೊಲ್ಲುವವನೊಬ್ಬ ಒಂದು ರಾಗವನ್ನು ಸಿಳ್ಳೆಯಲ್ಲಿ ಗುನುಗುತ್ತಾನೆ. ಮುಖ ಕಾಣಬೇಕಾಗಿಲ್ಲ, ಆ ಸಿಳ್ಳೆ ಕೇಳಿದರೆ ಸಾಕು. ಅವನನ್ನು ಕೊನೆಗೆ ಗುರುತು ಹಿಡಿಯುವವನೂ ಕಣ್ಣಿಲ್ಲದ ಒಬ್ಬ ಬಲೂನು ಮಾರುವವ.

ಇಲ್ಲಿ ಭಾರತೀಯ ಚಿತ್ರಗಳಿಗೆ ಒಂದು ತೊಡಕು ಎದುರಾಗುತ್ತದೆ: ಹಾಡು. ಕೊಲೆಗಾರ ಬಾಗಿಲ ಹೊರಗೆ ನಿಂತಿರುವಾಗ ನಾಯಕ ನಾಯಕಿಯರು ಹೂದೋಟದಲ್ಲಿ ಓಡಾಡಿ ಬಂದರೆ, ಅಷ್ಟು ಹೊತ್ತು ಕಾಯಿಸಿದ ಬಿಗಿ ಎಲ್ಲಿ ಉಳಿಯಬೇಕು? ಹಾಡಿಲ್ಲದಿದ್ದರೆ ಹಣ ಹುಟ್ಟದೆಂಬ ಭಯ ನಿರ್ಮಾಪಕರನ್ನು ಕಾಡುತ್ತಲೇ ಬಂದಿದೆ. ಆ ಭಯವನ್ನು ಮೀರಿದ ಕೆಲವರಿದ್ದಾರೆ. ತಮಿಳಿನಲ್ಲಿ 1954ರ ‘ಅಂದ ನಾಳ್’, ಹಿಂದಿಯಲ್ಲಿ 1960ರ ‘ಕಾನೂನ್’, 1969ರ ‘ಇತ್ತೆಫಾಕ್’ ಹಾಡಿಲ್ಲದೆಯೇ ಬಂದವು. ಕನ್ನಡದಲ್ಲಿ ಕಾಶೀನಾಥರು 1978ರ ‘ಅಪರಿಚಿತ’ದಿಂದ ಪತ್ತೇದಾರಿ ಚಿತ್ರಕ್ಕೆ ಹೊಸ ಮರ್ಯಾದೆ ತಂದರು. 1989ರಲ್ಲಿ ಸುನಿಲ್‌ಕುಮಾರ್ ದೇಸಾಯಿ ಶಂಕರ್‌ನಾಗ್, ದೇವರಾಜ್, ವನಿತಾ ವಾಸು ಅವರನ್ನಿಟ್ಟುಕೊಂಡು ‘ತರ್ಕ’ವನ್ನು ತೆಗೆದಾಗ ಅದರಲ್ಲಿ ಒಂದು ಹಾಡೂ ಇರಲಿಲ್ಲ. ಗುಣಸಿಂಗ್ ಅವರ ಹಿನ್ನೆಲೆ ಸಂಗೀತ ಮಾತ್ರವಿತ್ತು. ಜನ ಎದ್ದುಹೋಗಲಿಲ್ಲ, ನೋಡಿದರು. ತಮಿಳಿನವರು ಮರುವರ್ಷವೇ ಅದನ್ನು ತಮ್ಮದಾಗಿಸಿಕೊಂಡರು. ಹಾಡನ್ನು ತೆಗೆದದ್ದಕ್ಕಿಂತ, ಹಾಡು ಇರುತ್ತಿದ್ದ ಜಾಗದಲ್ಲಿ ಮೌನವನ್ನು ಇಡುವ ಧೈರ್ಯವೇ ದೊಡ್ಡದು. ಇದೇ ದೇಸಾಯಿಯವರ 1993ರ ‘ನಿಷ್ಕರ್ಷ’ ಮಣಿಪಾಲದ ಬಹುಮಹಡಿ ಕಟ್ಟಡದ ಬ್ಯಾಂಕೊಂದರಲ್ಲಿ ದರೋಡೆಕೋರರನ್ನೂ ಒತ್ತೆಯಾಳುಗಳನ್ನೂ ಕೂಡಿಹಾಕಿತು. ಮೆಟ್ಟಿಲು, ಮೊಗಸಾಲೆಗಳೇ ಅಲ್ಲಿ ಪಾತ್ರಧಾರಿಗಳು.

ಇನ್ನು ಸ್ಥಳದ ಮಾತು. ಭಯವೆಂದೊಡನೆ ಕನ್ನಡದ ಕ್ಯಾಮರಾ ಮಲೆನಾಡಿನ ಘಾಟಿ ಹತ್ತುವುದು ಒಂದು ರೂಢಿ. ಮಂಜು, ಒಂಟಿ ಬಂಗಲೆ, ಮಳೆ, ಕರೆಂಟು ಹೋದ ರಾತ್ರಿ. ಇವು ಕೆಟ್ಟವೆಂದಲ್ಲ. 2015ರ ‘ರಂಗಿತರಂಗ’ದಲ್ಲಿ ಅನೂಪ್ ಭಂಡಾರಿ ಕರಾವಳಿಯ ಭೂತಾರಾಧನೆಯನ್ನು ತಂದದ್ದರಿಂದ ಮಂಜಿಗೂ ಒಂದು ಊರು, ಒಂದು ನಂಬಿಕೆ ದೊರೆಯಿತು. ಆದರೆ ಬಾಡಿಗೆಗೆ ತಂದ ಬಂಗಲೆಯ ಭಯ ಚಿತ್ರಮಂದಿರದ ಬಾಗಿಲಿನವರೆಗೆ ಮಾತ್ರ ಹಿಂಬಾಲಿಸುತ್ತದೆ. ಪವನ್‌ಕುಮಾರ್ 2016ರ ‘ಯು ಟರ್ನ್’ಗೆ ಆರಿಸಿದ್ದು ಬೆಂಗಳೂರಿನ ಡಬಲ್ ರೋಡಿನ ಮೇಲ್ಸೇತುವೆಯನ್ನು. ನಡುವಿನ ಕಲ್ಲುಗಳನ್ನು ಸರಿಸಿ ಅಡ್ಡದಾರಿಯಲ್ಲಿ ಗಾಡಿ ತಿರುಗಿಸಿಕೊಳ್ಳುವ ಸವಾರರು. ಅವರ ಬೆನ್ನುಹತ್ತುವ ತರುಣ ವರದಿಗಾರ್ತಿಯಾಗಿ ಶ್ರದ್ಧಾ ಶ್ರೀನಾಥ್. ಹಗಲಿನಲ್ಲಿ ಸಾವಿರಾರು ಜನ ಹಾದುಹೋಗುವ ದಾರಿ ಅದು. ಚಿತ್ರ ನೋಡಿದವನು ಮರುದಿನ ಅದೇ ಸೇತುವೆಯ ಮೇಲೆ ಕಚೇರಿಗೆ ಹೋಗಬೇಕು!

ಹಾಗಿರುವಾಗ ಬಾಡಗಂಡಿಯ ಬಯಲು ಯಾಕಾಗಬಾರದು? ಮರೆಯಿಲ್ಲದ ಬಿಸಿಲೇ ಅಲ್ಲಿ ಮಂಜಿನ ಕೆಲಸ ಮಾಡಬಲ್ಲುದು. ದೂರದ ದಾರಿಯಲ್ಲಿ ಬರುತ್ತಿರುವ ಒಬ್ಬ ಮನುಷ್ಯ ಅರ್ಧ ಗಂಟೆಯವರೆಗೂ ಕಾಣುತ್ತಾನೆ. ಬರುವವನು ಬೀಗನೋ ಹಗೆಯೋ ತಿಳಿಯಲು ಅಷ್ಟು ಹೊತ್ತು ಕಾಯಬೇಕು. ಇದೇ ತಾಲೂಕಿನ ಎಷ್ಟೋ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಸಂದಿವೆ. ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ನೀರಿಗೆ ಬಿಟ್ಟುಕೊಟ್ಟ ಊರಿನ ಬಾಗಿಲಿಲ್ಲದ ಗೋಡೆಗಳನ್ನು ಕಂಡ ನಿರ್ದೇಶಕನಿಗೆ ಒಂದು ದೆವ್ವವನ್ನು ನಿಲ್ಲಿಸುವ ಚಪಲ ಹುಟ್ಟೀತು. ಅವನು ಸ್ವಲ್ಪ ತಡೆಯುವುದು ಒಳ್ಳೆಯದು. ಆ ಗೋಡೆಗಳ ನಡುವೆ ಬಾಣಂತನ ಮಾಡಿಸಿಕೊಂಡವರು, ಮದುವೆಯ ಹಂದರ ಹಾಕಿದವರು ಇನ್ನೂ ಬದುಕಿದ್ದಾರೆ. ಟಿಕೆಟು ಕೊಂಡು ಮುಂದಿನ ಸಾಲಿನಲ್ಲಿ ಕೂರುವವರೂ ಅವರೇ. ಅವರಿಗೆ ಅದು ಭೂತದ ಮನೆಯಲ್ಲ, ತಮ್ಮ ಮನೆ. ಅಲ್ಲಿ ಕ್ಯಾಮರಾ ಇಡುವವನು ಇಷ್ಟನ್ನು ಅರಿತಿದ್ದರೆ ದೆವ್ವದ ಅವಶ್ಯಕತೆಯೇ ಬೀಳದು; ಖಾಲಿ ಊರಿನ ಒಂದು ಮನೆಯಲ್ಲಿ ರಾತ್ರಿ ದೀಪ ಹತ್ತಿದ್ದು ಕಂಡರೆ ಸಾಕು.

ಕೈಯಲ್ಲಿ ಫೋನು ಹಿಡಿದು, ಅಡುಗೆಮನೆಯ ಕುಕ್ಕರಿನ ಸೀಟಿಯ ನಡುವೆ ಚಿತ್ರ ನೋಡುವ ಇಂದಿನವರಿಗೆ ಇಷ್ಟು ಮೆಲ್ಲಗಿನ ಸದ್ದು ಕೇಳೀತೇ ಎಂಬ ಸಂಶಯ ಬೇರೆಯದು. ಚಿತ್ರಮಂದಿರದ ಕತ್ತಲೆಯನ್ನು ನಂಬಿ ಮಾಡಿದ ಅಡುಗೆ ಅದು.

ಆ ಕತ್ತಲೆ ದೊರೆಯುವುದಾದರೆ, ಬಾಡಗಂಡಿಯ ಸುತ್ತಿನ ಕಬ್ಬಿನ ಹೊಲವೊಂದನ್ನೇ ನಂಬಿ ಇಡೀ ಚಿತ್ರವನ್ನು ಕಟ್ಟಬಹುದು. ಆಳೆತ್ತರವನ್ನು ಮೀರಿ ನಿಂತ ಬೆಳೆ. ಒಳಗೆ ಹೊಕ್ಕವನು ಮಾರು ದೂರದಲ್ಲಿದ್ದರೂ ಕಾಣಿಸನು, ಒಣ ರವದಿಯ ಮೇಲೆ ಅವನಿಟ್ಟ ಹೆಜ್ಜೆ ಮಾತ್ರ ಕೇಳುತ್ತದೆ. ಗಾಳಿ ಬೀಸಿದಾಗ ಇಡೀ ಹೊಲವೇ ಸರಸರಗುಟ್ಟುವುದರಿಂದ, ಗಾಳಿ ನಿಂತ ಮೇಲೂ ನಿಲ್ಲದ ಸದ್ದು ಯಾವುದೆಂದು ಕಿವಿಗೊಡಬೇಕು. ಕಟಾವಿನ ದಿನ ಬೆಳಗಿನಿಂದ ನಾಲ್ಕೂ ಕಡೆ ಕಡಿಯುತ್ತ ಬರುತ್ತಾರೆ. ಒಳಗೆ ಸೇರಿಕೊಂಡ ಕಾಡುಹಂದಿಯೋ ನರಿಯೋ ಕಡಿದಂತೆಲ್ಲ ನಡುವಿಗೆ ಸರಿಯುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಮಧ್ಯಾಹ್ನದ ಹೊತ್ತಿಗೆ ಹೊಲದ ನಡುವೆ ಒಂದು ಕೋಣೆಯಷ್ಟು ಕಬ್ಬು ಉಳಿಯುತ್ತದೆ. ಅಲ್ಲಿಯವರೆಗೆ ಹಾಸ್ಯ ಮಾಡುತ್ತಿದ್ದವರ ಮಾತು ತಾನಾಗಿ ನಿಲ್ಲುತ್ತದೆ, ಮುಂದಿದ್ದವನು ಕತ್ತಿಯನ್ನು ಎತ್ತಿದವನು ಇಳಿಸುವುದಿಲ್ಲ.